ಟೆನಿಸ್ ಚೆಂಡು ಬೀದಿಗೆ ಬಂತು, ಟೆನಿಸ್ ಯಾವಾಗ?

ಕರ್ನಾಟಕದ ಯಾವ ಊರಿಗೆ ಹೋದರೂ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದಾದರೂ ಅಂಗಡಿಯಲ್ಲಿ ಟೆನಿಸ್ ಚೆಂಡು ಸಿಗುತ್ತದೆ. ಕೊಳ್ಳುವವರು ಹತ್ತು–ಹನ್ನೆರಡು ವರ್ಷದ ಹುಡುಗರು. ಅವರು ಆಡುವುದು ಮಾತ್ರ ಕ್ರಿಕೆಟ್. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಮೂರು ಗೆರೆಗಳೇ ಸ್ಟಂಪು, ಎದುರು ಮನೆಯ ಕಾಂಪೌಂಡಿಗೆ ಬಿದ್ದರೆ ಔಟು, ಜಾಗ ಸಾಲದಿದ್ದರೆ ಒನ್ ಪಿಚ್ ಕ್ಯಾಚ್. ಕ್ರಿಕೆಟ್ಟಿಗೆ ಬೇಕಾದ ವಿಶಾಲ ಮೈದಾನ, ಗಟ್ಟಿ ಚೆಂಡು, ಪ್ಯಾಡು, ಅಂಪೈರು ಯಾವುದೂ ಇಲ್ಲದೆಯೇ ಮಕ್ಕಳು ಆ ಆಟವನ್ನು ಬೀದಿಯ ಅಳತೆಗೆ ಕತ್ತರಿಸಿ ಹೊಲಿದುಕೊಂಡಿದ್ದಾರೆ. ಟೆನಿಸ್ಸಿನ ಚೆಂಡನ್ನು ಎರವಲು ಪಡೆದ ಬೀದಿಗೆ ಟೆನಿಸ್ ಮಾತ್ರ ಬರಲೇ ಇಲ್ಲ. ಅದು ಕ್ಲಬ್ಬಿನ ಹಸಿರು ಜಾಲರಿಯ ಆಚೆಯೇ ಉಳಿದುಕೊಂಡಿತು.

ಇದಕ್ಕೆ ‘ಶ್ರೀಮಂತರ ಆಟ’ ಎಂಬ ಹಣೆಪಟ್ಟಿಯೊಂದೇ ಕಾರಣವಲ್ಲ, ಲೆಕ್ಕವೂ ಇದೆ. ಟೆನಿಸ್ ಕೋರ್ಟಿನ ಉದ್ದ 78 ಅಡಿ, ಡಬಲ್ಸ್ ಆಡಲು ಬೇಕಾದ ಅಗಲ 36 ಅಡಿ. ಓಡಾಡಲು ಸುತ್ತಲೂ ಬಿಡಬೇಕಾದ ಜಾಗ ಸೇರಿದರೆ ಸಾಮಾನ್ಯವಾಗಿ 120 ಅಡಿಗೆ 60 ಅಡಿ, ಅಂದರೆ 7,200 ಚದರ ಅಡಿ. ಬೆಂಗಳೂರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ ಸರಿಯಾಗಿ ಆರು ಥರ್ಟಿ–ಫಾರ್ಟಿ ಸೈಟು. ಅಷ್ಟು ನೆಲದ ಮೇಲೆ ಒಂದು ಹೊತ್ತಿಗೆ ಆಡುವವರು ನಾಲ್ಕೇ ಜನ. ಸೈಟಿನ ಬೆಲೆ ಗೊತ್ತಿರುವ ಯಾರಿಗಾದರೂ ಮುಂದಿನದು ಹೊಳೆಯುತ್ತದೆ. ನೆಲ ದುಬಾರಿಯಾದದ್ದರಿಂದ ಕೋರ್ಟಿನ ಗಂಟೆ ಬಾಡಿಗೆ ದುಬಾರಿ, ಬಾಡಿಗೆ ದುಬಾರಿಯಾದದ್ದರಿಂದ ಕೋಚಿಂಗ್ ದುಬಾರಿ. ರಾಕೆಟ್ಟು, ಆಗಾಗ ಮಾಡಿಸಬೇಕಾದ ಗಟ್ಟಿಂಗು, ಶೂ, ಹೋಗಿಬರುವ ಆಟೋ ಖರ್ಚು ಇವೆಲ್ಲ ಅದರ ಮೇಲೆ. ಮನೆಗೆಲಸದವರ, ಆಟೋ ಓಡಿಸುವವರ, ಗಾರ್ಮೆಂಟ್ಸ್‌ಗೆ ಹೋಗುವವರ ಮಕ್ಕಳು ಆ ಜಾಲರಿಯ ಒಳಗೆ ಬರುವುದು ಹೆಚ್ಚಾಗಿ ಚೆಂಡು ಹೆಕ್ಕಿಕೊಡುವ ಬಾಲ್ ಬಾಯ್‌ಗಳಾಗಿ.

ಈ ಲೆಕ್ಕವನ್ನು ಒಡೆದು ನೋಡಿದ ಊರುಗಳಿವೆ. ಅವುಗಳಲ್ಲಿ ಅಮೆರಿಕದ ಕೆಲವು ನಗರಗಳ ಕಥೆ ನಮಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಏಕೆಂದರೆ ಅಲ್ಲಿ ಬಡತನದ ಜೊತೆಗೆ ವರ್ಣಭೇದದ ಬೀಗವೂ ಇತ್ತು. ಎರಡು ಬೀಗಗಳಿದ್ದ ಬಾಗಿಲನ್ನು ಅವರು ಹೇಗೆ ತೆರೆದರು ಎಂಬುದು ತಿಳಿದರೆ ಒಂದೇ ಬೀಗವಿರುವ ಬಾಗಿಲಿಗೆ ದಾರಿ ಸಿಕ್ಕೀತು.

ಮೊದಲು ನ್ಯೂಯಾರ್ಕಿನ ಹಾರ್ಲೆಮ್. 1930ರ ದಶಕದಲ್ಲಿ ಅಲ್ಲಿನ 143ನೇ ಬೀದಿಯನ್ನು ಹಗಲು ಹೊತ್ತು ಅಡ್ಡಗಟ್ಟೆ ಹಾಕಿ ಮುಚ್ಚುತ್ತಿದ್ದರು. ಮಕ್ಕಳಿಗಾಗಿ ಪೊಲೀಸರು ನಡೆಸುತ್ತಿದ್ದ ಕ್ರೀಡಾ ಸಂಘವಾದ ಪೊಲೀಸ್ ಅಥ್ಲೆಟಿಕ್ ಲೀಗ್ ಹೀಗೆ ಬೀದಿಗಳನ್ನು ಮಕ್ಕಳಿಗೆ ಬಿಟ್ಟುಕೊಡುತ್ತಿತ್ತು. ಅಲ್ಲಿ ಟಾರು ರಸ್ತೆಯ ಮೇಲೆ ಗೆರೆ ಎಳೆದು ಆಡಿಸುತ್ತಿದ್ದ ಆಟಗಳಲ್ಲಿ ಪ್ಯಾಡಲ್ ಟೆನಿಸ್ ಒಂದು. ಫ್ರಾಂಕ್ ಬೀಲ್ ಎಂಬ ಪಾದ್ರಿ 1898ರಲ್ಲಿ ಮಕ್ಕಳಿಗೆಂದೇ ರೂಪಿಸಿದ್ದ ಆಟ ಅದು. ಟೆನಿಸ್ ಕೋರ್ಟಿನ ಉದ್ದವನ್ನೂ ಅಗಲವನ್ನೂ ಅರ್ಧಕ್ಕೆ ಇಳಿಸಿ, ತಂತಿಯ ರಾಕೆಟ್ಟಿನ ಬದಲು ಮರದ ಹಲಗೆ ಕೊಟ್ಟಿದ್ದರು. ಉದ್ದಗಲ ಎರಡೂ ಅರ್ಧವಾದರೆ ಬೇಕಾಗುವ ನೆಲ ಕಾಲುಭಾಗ. ಆಟ ಬೀದಿಯೊಳಗೆ ಹಿಡಿಸಿತು.

ಆ ಬೀದಿಯಲ್ಲೇ ಮನೆಯಿದ್ದ ಆಲ್ಥಿಯಾ ಗಿಬ್ಸನ್ ಎಂಬ ಹುಡುಗಿ 1939ರಲ್ಲಿ, ಹನ್ನೆರಡನೇ ವಯಸ್ಸಿಗೆ, ನಗರದ ಮಹಿಳೆಯರ ಪ್ಯಾಡಲ್ ಟೆನಿಸ್ ಚಾಂಪಿಯನ್ ಆದಳು. ಅಲ್ಲಿ ಮಕ್ಕಳನ್ನು ಆಡಿಸುತ್ತಿದ್ದ ಸಂಗೀತಗಾರ ಬಡ್ಡಿ ವಾಕರ್ ಅವಳ ಕೈಗೆ ನಿಜವಾದ ರಾಕೆಟ್ ಕೊಟ್ಟರು. ನೆರೆಹೊರೆಯವರು ಚಂದಾ ಎತ್ತಿ ಕರಿಯರ ಟೆನಿಸ್ ಕ್ಲಬ್ಬಾದ ಕಾಸ್ಮೊಪಾಲಿಟನ್‌ನಲ್ಲಿ ಅವಳಿಗೆ ಸದಸ್ಯತ್ವ ಕೊಡಿಸಿದರು. ಮುಂದೆ ಅದೇ ಗಿಬ್ಸನ್ 1956ರಲ್ಲಿ ಫ್ರೆಂಚ್ ಪ್ರಶಸ್ತಿ ಗೆದ್ದು, ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಕಪ್ಪು ಆಟಗಾರ್ತಿಯಾದರು. 1957 ಮತ್ತು 1958ರಲ್ಲಿ ವಿಂಬಲ್ಡನ್ನನ್ನೂ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನೂ ಗೆದ್ದರು. ಈ ಕಥೆಯನ್ನು ಸಾಮಾನ್ಯವಾಗಿ ಅವರ ಛಲದ ಕಥೆಯಾಗಿ ಹೇಳುತ್ತಾರೆ. ಛಲ ಇತ್ತು, ಅನುಮಾನವಿಲ್ಲ. ಆದರೆ ಛಲಕ್ಕಿಂತ ಮೊದಲು ಒಂದು ಮುಚ್ಚಿದ ಬೀದಿ ಇತ್ತು, ಪುಟ್ಟ ಕೋರ್ಟು ಇತ್ತು, ಆಡಿಸುವ ಒಬ್ಬ ದೊಡ್ಡವನಿದ್ದ, ಚಂದಾ ಕೊಡುವ ಕೇರಿ ಇತ್ತು.

ಎರಡನೆಯ ಕಥೆ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದ್ದು. 1943ರಲ್ಲಿ ಅಲ್ಲಿ ಹುಟ್ಟಿದ ಆರ್ಥರ್ ಆಶ್ ಅವರ ತಂದೆ, ಕರಿಯರಿಗೆ ಮೀಸಲಾಗಿದ್ದ ಬ್ರೂಕ್‌ಫೀಲ್ಡ್ ಎಂಬ ಪಾರ್ಕಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಮನೆ ಇದ್ದದ್ದು ಪಾರ್ಕಿನೊಳಗೆ, ಟೆನಿಸ್ ಕೋರ್ಟುಗಳಿದ್ದದ್ದು ಮನೆಯ ಪಕ್ಕದಲ್ಲಿ. ರಾನ್ ಚಾರಿಟಿ ಎಂಬ ಕಾಲೇಜು ವಿದ್ಯಾರ್ಥಿ ಅಲ್ಲಿ ಅಭ್ಯಾಸಕ್ಕೆ ಬರುತ್ತಿದ್ದ. ನೋಡುತ್ತ ನಿಂತ ಹುಡುಗನಿಗೆ ರಾಕೆಟ್ ಹಿಡಿಯಲು ಕಲಿಸಿದವನು ಅವನೇ. ಮುಂದೆ ಲಿಂಚ್‌ಬರ್ಗ್ ಎಂಬ ಊರಿನ ವೈದ್ಯ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಬೇಸಿಗೆ ರಜೆಗಳಲ್ಲಿ ಆಶ್‌ರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ತಯಾರು ಮಾಡಿದರು. ಗಿಬ್ಸನ್‌ಗೆ ಆಸರೆಯಾಗಿದ್ದವರೂ ಇದೇ ವೈದ್ಯರು. ರಿಚ್ಮಂಡಿನ ಒಳ್ಳೆಯ ಕೋರ್ಟುಗಳಿದ್ದ ಬರ್ಡ್ ಪಾರ್ಕ್ ಬಿಳಿಯರಿಗೆ ಮಾತ್ರ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವ ಅವಕಾಶ ಕರಿಯ ಹುಡುಗನಿಗೆ ಇಲ್ಲದ್ದರಿಂದ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಆಶ್ ಊರು ಬಿಟ್ಟು ಸೇಂಟ್ ಲೂಯಿ ನಗರಕ್ಕೆ ಹೋಗಬೇಕಾಯಿತು. ಅದೇ ಹುಡುಗ 1968ರಲ್ಲಿ ಯು.ಎಸ್. ಓಪನ್, 1970ರಲ್ಲಿ ಆಸ್ಟ್ರೇಲಿಯನ್ ಓಪನ್, 1975ರಲ್ಲಿ ವಿಂಬಲ್ಡನ್ ಗೆದ್ದರು.

ಆಶ್ ಮಾಡಿದ ದೊಡ್ಡ ಕೆಲಸ ಈ ಮೂರು ಕಪ್ಪುಗಳ ಆಚೆಗಿದೆ. ಪಾರ್ಕಿನೊಳಗೆ ಮನೆಯಿದ್ದದ್ದು ತನ್ನ ಅದೃಷ್ಟ, ಎಲ್ಲ ಮಕ್ಕಳ ತಂದೆಯೂ ಪಾರ್ಕಿನ ಉಸ್ತುವಾರಿಯಲ್ಲಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1969ರಲ್ಲಿ, ಆಟದ ಉತ್ತುಂಗದಲ್ಲಿದ್ದಾಗಲೇ, ಗೆಳೆಯರಾದ ಚಾರ್ಲಿ ಪಸರೆಲ್ ಮತ್ತು ಶೆರಿಡನ್ ಸ್ನೈಡರ್ ಜೊತೆ ಸೇರಿ ನ್ಯಾಷನಲ್ ಜೂನಿಯರ್ ಟೆನಿಸ್ ಲೀಗ್ ಕಟ್ಟಿದರು. ಮಗುವನ್ನು ಕ್ಲಬ್ಬಿಗೆ ಒಯ್ಯುವ ಬದಲು ಟೆನಿಸ್ಸನ್ನು ನಗರದ ಬಡ ಕೇರಿಗಳ ಪಾರ್ಕು, ಶಾಲೆಯ ಅಂಗಳಗಳಿಗೆ ತರುವುದು ಅದರ ಉದ್ದೇಶ. ಕಾರ್ಯಕ್ರಮ ಉಚಿತ ಅಥವಾ ಅತಿ ಕಡಿಮೆ ಶುಲ್ಕದ್ದು. ಈಗ ಅಮೆರಿಕದ ಟೆನಿಸ್ ಸಂಘದ ನೆರಳಿನಲ್ಲಿ, ಇನ್ನೂರಕ್ಕೂ ಹೆಚ್ಚು ಘಟಕಗಳಾಗಿ ಅದು ಬೆಳೆದಿದೆ. ಒಂದೊಂದು ಘಟಕವೂ ಆಯಾ ಊರಿನ ಸ್ವತಂತ್ರ ಸಂಸ್ಥೆ. ಪಾಲಿಕೆ, ಶಾಲೆ, ಚರ್ಚು, ದಾನಿಗಳು ಎಲ್ಲರನ್ನೂ ಕೂಡಿಸಿಕೊಂಡು ನಡೆಯುತ್ತದೆ.

ಅದೇ 1969ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಂದು ದೊಡ್ಡ ವೃತ್ತಿಪರ ಟೂರ್ನಿ ಶುರುವಾಯಿತು. ಕರಿಯರೂ ಬಿಳಿಯರೂ ಬೆರೆತು ವಾಸಿಸುವ ಬಡಾವಣೆಯಲ್ಲಿ, ಜನ ನಡೆದು ಬಂದು ನೋಡುವಂತೆ ನಡೆಸುವುದಾದರೆ ಮಾತ್ರ ತಾನು ಆಡುತ್ತೇನೆ ಎಂದು ಆಶ್ ಸಂಘಟಕ ಮಿತ್ರನಿಗೆ ಷರತ್ತು ಹಾಕಿದ್ದರು. ಟೂರ್ನಿ ರಾಕ್ ಕ್ರೀಕ್ ಎಂಬ ಸಾರ್ವಜನಿಕ ಪಾರ್ಕಿನಲ್ಲಿ ನಡೆಯಿತು, ಇಂದಿಗೂ ಅಲ್ಲೇ ನಡೆಯುತ್ತದೆ. ದಶಕಗಳ ಕಾಲ ಅದರ ಆದಾಯ ಅದೇ ನಗರದ ಮಕ್ಕಳಿಗೆ ಟೆನಿಸ್ಸನ್ನೂ ಮನೆಪಾಠವನ್ನೂ ಹೇಳಿಕೊಡುವ ಸಂಸ್ಥೆಗೆ ಹೋಯಿತು. ದೊಡ್ಡ ಟೂರ್ನಿಯ ಸೀಟಿನ ದುಡ್ಡು ಪಕ್ಕದ ಕೇರಿಯ ಮಗುವಿನ ರಾಕೆಟ್ಟಾಗುವ ಈ ವ್ಯವಸ್ಥೆಗೆ ದಾನಬುದ್ಧಿಯಷ್ಟೇ ಸಾಲದು. ಟೂರ್ನಿ ಹುಟ್ಟುವಾಗಲೇ ಅದನ್ನು ಕರಾರಿನಲ್ಲಿ ಬರೆಯಬೇಕು.

ಮನೆಪಾಠದ ಮಾತು ಬಂತು. ಟೆನಿಸ್ ಕಲಿಸುವವರು ಲೆಕ್ಕ, ಇಂಗ್ಲಿಷ್ ಏಕೆ ಕಲಿಸಬೇಕು ಎಂದು ಕೇಳುವವರಿದ್ದಾರೆ. ಆಶ್ 1977ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಕರಿಯ ತಂದೆತಾಯಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಮಕ್ಕಳನ್ನು ಮೈದಾನಕ್ಕೆ ಕಳಿಸುವಷ್ಟೇ ಉತ್ಸಾಹದಿಂದ ಗ್ರಂಥಾಲಯಕ್ಕೂ ಕಳಿಸಿ, ಕ್ರೀಡೆಯಿಂದ ಹೊಟ್ಟೆ ಹೊರೆಯುವವರು ಸಾವಿರಕ್ಕೊಬ್ಬರೂ ಇಲ್ಲ ಎಂಬುದು ಅದರ ಸಾರ. ವಿಂಬಲ್ಡನ್ ಗೆದ್ದವನೇ ಹೀಗೆ ಬರೆದದ್ದು ಹಲವರಿಗೆ ಇರುಸುಮುರುಸು ತಂದಿತು. ಅವರು ಕಟ್ಟಿದ ಲೀಗು ಮಾತ್ರ ಆ ದಾರಿಯಲ್ಲೇ ನಡೆದು, ಇಂದು ಕಲಿಕೆಯನ್ನು ತನ್ನ ಹೆಸರಿನಲ್ಲೇ ಸೇರಿಸಿಕೊಂಡಿದೆ. ಮಕ್ಕಳಿಗೆ ಪ್ರಬಂಧ ಸ್ಪರ್ಧೆ ನಡೆಸುತ್ತದೆ, ಶಾಲೆ ಬಿಟ್ಟ ಮೇಲಿನ ಎರಡು ಗಂಟೆಗಳಲ್ಲಿ ಒಂದನ್ನು ಕೋರ್ಟಿಗೂ ಇನ್ನೊಂದನ್ನು ಪುಸ್ತಕಕ್ಕೂ ಕೊಡುವ ಘಟಕಗಳಿವೆ. ಬಡ ಕುಟುಂಬದ ತಾಯಿಗೆ ಇದು ಮಹತ್ವದ ವಿಷಯ. ಆಟಕ್ಕೆ ಕಳಿಸಿದರೆ ಓದು ಹಾಳಾಗುತ್ತದೆ ಎಂಬ ಭಯ ಅವಳಿಗೆ ಸಹಜ. ಸಂಜೆ ಆರರವರೆಗೆ ಮಗು ಒಂದು ಸುರಕ್ಷಿತ ಜಾಗದಲ್ಲಿ ಆಡಿ, ಹೋಂವರ್ಕ್ ಮುಗಿಸಿ ಬರುತ್ತದೆ ಎಂದಾದರೆ ಅವಳ ಒಪ್ಪಿಗೆ ಸುಲಭ.

ಇನ್ನು ಚೆಂಡಿನ ವಿಷಯ. ಟೆನಿಸ್ ಕಷ್ಟ ಎಂಬ ಭಾವನೆಯ ಮೂಲ ಅಲ್ಲಿದೆ. ನಿಯಮದ ಪ್ರಕಾರ ಹಳದಿ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರಿನಷ್ಟು ಪುಟಿಯಬೇಕು. ಏಳೆಂಟು ವರ್ಷದ ಮಗುವಿನ ಎತ್ತರ ಸುಮಾರು 120–125 ಸೆಂಟಿಮೀಟರು. ಅಂದರೆ ಚೆಂಡು ಅದರ ತಲೆಯ ಮೇಲೆ ಹಾರಿಹೋಗುತ್ತದೆ. ಕೈಯಲ್ಲಿ ದೊಡ್ಡವರ 27 ಅಂಗುಲದ ರಾಕೆಟ್ಟು, ಎದುರಿಗೆ 78 ಅಡಿಯ ಕೋರ್ಟು. ಮಗು ಹತ್ತು ಸಲ ಬೀಸಿದರೆ ಒಂದು ಸಲ ತಾಗುತ್ತದೆ, ಉಳಿದ ಹೊತ್ತು ಚೆಂಡು ಹೆಕ್ಕುವುದರಲ್ಲೇ ಕಳೆಯುತ್ತದೆ. ಇಂಥ ಮಗುವಿಗೆ ‘ನಿನಗೆ ಟೆನಿಸ್ ಬರುವುದಿಲ್ಲ’ ಎನ್ನುವುದು, ಮೂರನೇ ತರಗತಿಯವನ ಕೈಗೆ ಪಿಯುಸಿ ಪುಸ್ತಕ ಕೊಟ್ಟು ದಡ್ಡ ಎಂದಂತೆ.

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2007ರಲ್ಲಿ ಆರಂಭಿಸಿದ ಅಭಿಯಾನ ಇದನ್ನು ತಿದ್ದಿತು. ಮೂರು ಹಂತದ ಚೆಂಡುಗಳು ಬಂದವು. ಕೆಂಪು ಚೆಂಡು ಹಳದಿಯದಕ್ಕಿಂತ ಸುಮಾರು ಶೇ 75ರಷ್ಟು ನಿಧಾನ, ಕಿತ್ತಳೆಯದು ಶೇ 50, ಹಸಿರಿನದು ಶೇ 25. ಕೆಂಪು ಚೆಂಡು ಅದೇ ಪರೀಕ್ಷೆಯಲ್ಲಿ ಪುಟಿಯುವುದು 105 ಸೆಂಟಿಮೀಟರಿನೊಳಗೆ. ಆಡುವಾಗ ಮಗುವಿನ ಸೊಂಟದ ಮಟ್ಟಕ್ಕೆ ಬರುತ್ತದೆ. ಕೆಂಪು ಹಂತದ ಕೋರ್ಟಿನ ಉದ್ದ 36 ಅಡಿ, ಅಗಲ 18 ಅಡಿಯ ಆಸುಪಾಸು, ನೆಟ್ಟಿನ ಎತ್ತರ 80 ಸೆಂಟಿಮೀಟರು. ಕಿತ್ತಳೆ ಹಂತಕ್ಕೆ ಕೋರ್ಟು 60 ಅಡಿಗೆ ಬೆಳೆಯುತ್ತದೆ, ಹಸಿರಿಗೆ ಪೂರ್ತಿ ಕೋರ್ಟು. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಹಳದಿ ಚೆಂಡು ಬಳಸಕೂಡದು ಎಂಬ ನಿಯಮ 2012ರಿಂದ ಜಾರಿಯಲ್ಲಿದೆ. ಪಾದ್ರಿ ಬೀಲ್ 1898ರಲ್ಲಿ ಕಂಡುಕೊಂಡದ್ದನ್ನು ಆಟದ ಮೇಲ್ಮನೆ ಒಪ್ಪಿಕೊಳ್ಳಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈ ಬದಲಾವಣೆಯನ್ನು ಕೋಚಿಂಗ್ ತಂತ್ರ ಎಂದಷ್ಟೇ ನೋಡಿದರೆ ಅರ್ಧ ಕಂಡಂತೆ. ಅದರ ಇನ್ನರ್ಧ ನೆಲದ ಲೆಕ್ಕ. ಒಂದು ಪೂರ್ತಿ ಟೆನಿಸ್ ಕೋರ್ಟಿನಲ್ಲಿ ಕೆಂಪು ಹಂತದ ನಾಲ್ಕು ಕೋರ್ಟು ಹಿಡಿಸುತ್ತವೆ. ನಾಲ್ಕು ಜನ ಆಡುತ್ತಿದ್ದಲ್ಲಿ ಹದಿನಾರು ಮಕ್ಕಳು ಡಬಲ್ಸ್ ಆಡಬಹುದು. ಟೆನಿಸ್ ಕೋರ್ಟೇ ಇಲ್ಲದ ಕಡೆಯೂ ಚಿಂತೆಯಿಲ್ಲ. ಬ್ಯಾಡ್ಮಿಂಟನ್ ಕೋರ್ಟಿನ ಅಳತೆ 44 ಅಡಿಗೆ 20 ಅಡಿ, ನೆಟ್ಟನ್ನು ಇಳಿಸಿ ಕಟ್ಟಿದರೆ ಅದೇ ಕೆಂಪು ಟೆನಿಸ್ ಕೋರ್ಟು. ನೆಟ್ಟು ಇಲ್ಲದಿದ್ದರೆ ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ, ಸೀಮೆಸುಣ್ಣದಲ್ಲಿ ಗೆರೆ ಎಳೆದರೂ ನಡೆಯುತ್ತದೆ. ಶುರುವಿಗೆ ಸಾಕಾಗುವ 19ರಿಂದ 23 ಅಂಗುಲದ ಮಕ್ಕಳ ರಾಕೆಟ್ಟು ದೊಡ್ಡವರ ರಾಕೆಟ್ಟಿಗಿಂತ ಎಷ್ಟೋ ಅಗ್ಗ. ಡಬ್ಬಿ ಒಡೆದ ಕೆಲವೇ ವಾರಗಳಲ್ಲಿ ಒಳಗಿನ ಒತ್ತಡ ಕಳೆದುಕೊಂಡು ಸಪ್ಪೆಯಾಗುವ ಮಾಮೂಲಿ ಚೆಂಡಿಗಿಂತ, ಒತ್ತಡ ತುಂಬದೇ ಮಾಡಿದ ಮಕ್ಕಳ ಚೆಂಡು ಹೆಚ್ಚು ದಿನ ಬಾಳುತ್ತದೆ. ಎಲ್ಲರ ಬಳಿಯೂ ಸ್ವಂತ ರಾಕೆಟ್ ಇರಬೇಕಾಗಿಲ್ಲ. ಶಾಲೆಯಲ್ಲಿ ಲೈಬ್ರರಿ ಪುಸ್ತಕದಂತೆ ರಾಕೆಟ್ಟುಗಳನ್ನು ಇಟ್ಟು ಕೊಡುವ ಪದ್ಧತಿ ಸಾಕು.

ಜಾಗ, ಚೆಂಡು ಸರಿಯಾದ ಮೇಲೂ ಗೇಟು ಉಳಿಯುತ್ತದೆ. ಸಾರ್ವಜನಿಕ ಕೋರ್ಟಿನ ಬಾಗಿಲಿನಲ್ಲಿ ಎಷ್ಟು ದುಡ್ಡು ಕೇಳಬೇಕು ಎಂಬುದಕ್ಕೆ ನ್ಯೂಯಾರ್ಕಿನ ಅನುಭವ ಪಾಠದಂತಿದೆ. ಅಲ್ಲಿನ ಪಾಲಿಕೆ ಪಾರ್ಕುಗಳಲ್ಲಿ ಟೆನಿಸ್ ಆಡಲು ಋತುವಿಗೊಂದು ಪಾಸು ಕೊಳ್ಳಬೇಕು. 2011ರಲ್ಲಿ ವಯಸ್ಕರ ಪಾಸಿನ ದರವನ್ನು 100 ಡಾಲರಿನಿಂದ 200ಕ್ಕೆ ಏರಿಸಿದರು. ಪಾಸು ಕೊಳ್ಳುವವರ ಸಂಖ್ಯೆ ದಡಕ್ಕನೆ ಇಳಿಯಿತು, ನಿರೀಕ್ಷಿಸಿದ ಆದಾಯ ಬರಲಿಲ್ಲ, ಮುಂದೆ ದರವನ್ನು ಮತ್ತೆ ಇಳಿಸಬೇಕಾಯಿತು. ಹದಿನೆಂಟರೊಳಗಿನವರ ಪಾಸಿಗೆ ಮಾತ್ರ 10 ಡಾಲರು, ಇಡೀ ಋತುವಿಗೆ. ಪಾರ್ಕುಗಳಲ್ಲಿ ಮಕ್ಕಳಿಗೆ ಉಚಿತ ತರಬೇತಿಯನ್ನೂ ಅಲ್ಲಿನ ಸಂಸ್ಥೆಗಳು ನಡೆಸುತ್ತವೆ.

ಬ್ರಿಟನ್ ಇನ್ನೊಂದು ದಾರಿ ಹಿಡಿಯಿತು. 2021ರಲ್ಲಿ ಸರ್ಕಾರವೂ ಅಲ್ಲಿನ ಟೆನಿಸ್ ಸಂಘವೂ ಸೇರಿ 3 ಕೋಟಿ ಪೌಂಡಿಗೂ ಹೆಚ್ಚು ಹಣ ಹಾಕಿ, ಪಾಳು ಬಿದ್ದಿದ್ದ ಸುಮಾರು 3,000 ಪಾರ್ಕ್ ಕೋರ್ಟುಗಳ ದುರಸ್ತಿಗೆ ಇಳಿದವು. ಹೊಸ ಸ್ಟೇಡಿಯಂ ಕಟ್ಟುವ ಬದಲು ಬಿರುಕು ಬಿಟ್ಟ ಹಳೆಯ ಕೋರ್ಟಿಗೆ ಟಾರು ಬಳಿಯುವ, ಹರಿದ ನೆಟ್ಟು ಬದಲಿಸುವ ಯೋಜನೆ. ವಾರಕ್ಕೊಮ್ಮೆ ಉಚಿತ ಆಟ, ರಾಕೆಟ್ಟು ಚೆಂಡು ಅವರೇ ಕೊಡುತ್ತಾರೆ, ಜೊತೆಗಾರ ಇಲ್ಲದೆ ಒಬ್ಬರೇ ಬಂದರೂ ಜೋಡಿ ಹೊಂದಿಸುತ್ತಾರೆ. ಕೋರ್ಟನ್ನು ಫೋನಿನಲ್ಲಿ ಬುಕ್ ಮಾಡಿ, ಬಂದ ಸಂಖ್ಯೆಯನ್ನು ಒತ್ತಿದರೆ ಗೇಟು ತೆರೆಯುವ ವ್ಯವಸ್ಥೆಯೂ ಹಲವೆಡೆ ಬಂತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಿಂದೆ ಬಿಟ್ಟಿಯಾಗಿ ಆಡುತ್ತಿದ್ದ ಕೆಲವು ಪಾರ್ಕುಗಳಲ್ಲಿ ಬುಕಿಂಗ್ ಶುಲ್ಕ ಬಂದಾಗ ಸ್ಥಳೀಯರು ತಕರಾರೆತ್ತಿದರು. ಸ್ಮಾರ್ಟ್‌ಫೋನು, ಬ್ಯಾಂಕ್ ಖಾತೆ ಇಲ್ಲದ ಹನ್ನೆರಡರ ಹುಡುಗನಿಗೆ ಡಿಜಿಟಲ್ ಗೇಟೂ ಗೇಟೇ. ನಮ್ಮ ನಗರಗಳಲ್ಲಿ ಆಟದ ಮೈದಾನಗಳ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದಾಗಲೆಲ್ಲ ಈ ತಕರಾರನ್ನು ನೆನೆಯುವುದು ಒಳ್ಳೆಯದು.

ಇಲ್ಲಿಗೆ ಒಂದು ಆಕ್ಷೇಪಣೆ ಬರಬಹುದು. ಇಷ್ಟೆಲ್ಲ ಮಾಡಿದರೆ ಎಷ್ಟು ಜನ ಚಾಂಪಿಯನ್ನರು ಬಂದರು? ಬಂದವರಿದ್ದಾರೆ. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನ ಸಾರ್ವಜನಿಕ ಕೋರ್ಟುಗಳಲ್ಲಿ ತಂದೆಯಿಂದ ಪಾಠ ಹೇಳಿಸಿಕೊಂಡ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಕಥೆ ಜಗತ್ತಿಗೇ ಗೊತ್ತು. 2008ರಲ್ಲಿ ಆ ಅಕ್ಕ–ತಂಗಿ ನಮ್ಮ ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂನಲ್ಲೇ ಬೆಂಗಳೂರು ಓಪನ್ ಸೆಮಿಫೈನಲ್‌ನಲ್ಲಿ ಎದುರಾದರು. ತಂಗಿ ಗೆದ್ದು, ಮುಂದೆ ಪ್ರಶಸ್ತಿಯನ್ನೂ ಒಯ್ದಳು. ಫ್ರಾನ್ಸಿಸ್ ಟಿಯಾಫೊ ಕಥೆ ಇನ್ನೂ ಹತ್ತಿರದ್ದು. ಸಿಯೆರಾ ಲಿಯೋನ್‌ನಿಂದ ವಲಸೆ ಬಂದ ಅವರ ತಂದೆ ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್ ಎಂಬಲ್ಲಿ ಟೆನಿಸ್ ಕೇಂದ್ರವೊಂದನ್ನು ಕಟ್ಟುವಾಗ ಕೂಲಿಯಾಗಿದ್ದರು, ಕಟ್ಟಿದ ಮೇಲೆ ಅಲ್ಲೇ ನಿರ್ವಹಣೆಯ ಕೆಲಸಕ್ಕೆ ನಿಂತರು. ಅವಳಿ ಗಂಡುಮಕ್ಕಳು ವಾರದ ಬಹುಪಾಲು ದಿನ ಕೇಂದ್ರದಲ್ಲಿ ತಂದೆಗೆ ಕೊಟ್ಟಿದ್ದ ಕೋಣೆಯಲ್ಲೇ ಮಲಗುತ್ತಿದ್ದರು. ಅವರಲ್ಲೊಬ್ಬ 2022ರಲ್ಲಿ, ಮತ್ತೆ 2024ರಲ್ಲಿ ಯು.ಎಸ್. ಓಪನ್ ಸೆಮಿಫೈನಲ್ ಆಡಿದ.

ಗಿಬ್ಸನ್ ಮನೆಯ ಎದುರೇ ಕೋರ್ಟು. ಆಶ್ ಮನೆಯ ಪಕ್ಕದಲ್ಲೇ ಕೋರ್ಟು. ಟಿಯಾಫೊ ಮಲಗುತ್ತಿದ್ದದ್ದೇ ಕೋರ್ಟಿನ ಪಕ್ಕ. ಬೇರೆ ಬೇರೆ ದಶಕಗಳ ಈ ಮೂವರಿಗೆ ಸಮಾನವಾಗಿ ಸಿಕ್ಕಿದ್ದು ದುಡ್ಡೂ ಅಲ್ಲ, ದೊಡ್ಡ ಅಕಾಡೆಮಿಯೂ ಅಲ್ಲ, ಸಾಮೀಪ್ಯ. ಹತ್ತಿರವಿದ್ದದ್ದರಿಂದ ದಿನವೂ ಆಡಿದರು, ದಿನವೂ ಆಡಿದ್ದರಿಂದ ಯಾರದೋ ಕಣ್ಣಿಗೆ ಬಿದ್ದರು. ಹಾಗಾಗಿ ಟೆನಿಸ್ ಮಕ್ಕಳಿಗೆ ಎಟುಕುತ್ತಿದೆಯೇ ಎಂದು ಅಳೆಯಲು ಕಪ್ಪುಗಳನ್ನು ಎಣಿಸಬಾರದು. ಎಷ್ಟು ಮಕ್ಕಳು ಮನೆಯಿಂದ ನಡೆದುಹೋಗಿ ಆಡಿ, ಕತ್ತಲಾಗುವ ಮುಂಚೆ ನಡೆದೇ ಮರಳಬಹುದು ಎಂದು ಎಣಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದೇ ನಿರ್ಣಾಯಕ. ಹನ್ನೆರಡು–ಹದಿಮೂರು ದಾಟಿದ ಮಗಳನ್ನು ಎರಡು ಬಸ್ಸು ಬದಲಿಸಿ ಕೋಚಿಂಗ್‌ಗೆ ಕಳಿಸುವ ಮನೆಗಳು ಕಡಿಮೆ. ಮುಂದಿನ ಬೀದಿಯ ಶಾಲೆಯ ಅಂಗಳಕ್ಕೆ, ಗೆಳತಿಯರ ಜೊತೆ, ಗೊತ್ತಿರುವ ಟೀಚರ್ ಇರುವ ಕಡೆಗೆ ಕಳಿಸುವ ಮನೆಗಳು ಬೇಕಾದಷ್ಟಿವೆ. ಅಲ್ಲೊಂದು ಶುಚಿಯಾದ ಶೌಚಾಲಯವೂ ದೀಪವೂ ಇರಬೇಕು, ಅಷ್ಟೇ.

ಚಾಂಪಿಯನ್ ಆಗದ ಮಗುವಿಗೂ ಈ ಆಟದಲ್ಲಿ ಲಾಭವಿದೆ. ಟೆನಿಸ್ಸಿನಲ್ಲಿ ಕೆಳಹಂತದ ಪಂದ್ಯಗಳಿಗೆ ಅಂಪೈರ್ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಇನ್ನೋ ಔಟೋ ಎಂದು ಆಡುವವನೇ ಹೇಳಬೇಕು. ಡಾ. ಜಾನ್ಸನ್ ತಮ್ಮ ಶಿಷ್ಯರಿಗೆ, ಗೆರೆಯಾಚೆ ಸ್ವಲ್ಪದರಲ್ಲಿ ಬಿದ್ದ ಚೆಂಡನ್ನೂ ಒಳಗೆ ಎಂದೇ ಭಾವಿಸಿ ಆಡಿ ಎನ್ನುತ್ತಿದ್ದರು. ವರ್ಣಭೇದದ ಕಾಲದಲ್ಲಿ ಕರಿಯ ಹುಡುಗ ಮೋಸ ಮಾಡಿದ ಎಂಬ ಮಾತು ಬರಕೂಡದು ಎಂಬ ಎಚ್ಚರ ಅದು. ಇಂದಿನ ಮಕ್ಕಳಿಗೆ ಆ ಹೊರೆ ಬೇಡ. ಆದರೆ ತನ್ನ ವಿರುದ್ಧವೇ ತಾನು ನ್ಯಾಯ ಹೇಳಿಕೊಳ್ಳುವ ಅಭ್ಯಾಸ ಯಾವ ಮಗುವಿಗೂ ವ್ಯರ್ಥವಲ್ಲ. ಮೇಲಾಗಿ ಇದು ಬಹುಕಾಲ ಬಾಳುವ ಆಟ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರ ವಯಸ್ಸು 43. ಆ ಮಟ್ಟದ ಮಾತು ಬಿಡಿ, ಅರವತ್ತು ದಾಟಿದ ಮೇಲೂ ಬೆಳಗಿನ ಡಬಲ್ಸ್ ಆಡುವವರು ಎಲ್ಲ ಕ್ಲಬ್ಬುಗಳಲ್ಲೂ ಇದ್ದಾರೆ. ಆ ಸುಖ ಕ್ಲಬ್ಬಿನವರಿಗಷ್ಟೇ ಏಕಿರಬೇಕು?

‘ರಾಕೆಟ್ ಹಿಡಿಯುವುದು ನಮ್ಮವರ ಆಟವಲ್ಲ’ ಎನ್ನುವವರಿಗೆ ಬಾಲ್ ಬ್ಯಾಡ್ಮಿಂಟನ್ ನೆನಪಿಸಬೇಕು. ಹಳದಿ ಉಣ್ಣೆಯ ಚೆಂಡು, ಮರದ ರಾಕೆಟ್ಟು, ಒಂದೊಂದು ಕಡೆ ಐದೈದು ಜನ. ಅದರ ಕೋರ್ಟಿನ ಅಳತೆ 24 ಮೀಟರಿಗೆ 12 ಮೀಟರು, ಹೆಚ್ಚುಕಡಿಮೆ ಟೆನಿಸ್ ಕೋರ್ಟಿನಷ್ಟೇ. ನಮ್ಮ ತಾಲ್ಲೂಕು ಕೇಂದ್ರಗಳ ಹೈಸ್ಕೂಲು ಮೈದಾನಗಳಲ್ಲಿ ಮಣ್ಣು ನೆಲದ ಮೇಲೆ ಸುಣ್ಣದ ಗೆರೆ ಎಳೆದು ಮೇಷ್ಟ್ರುಗಳೂ ಗುಮಾಸ್ತರೂ ವಿದ್ಯಾರ್ಥಿಗಳೂ ಒಟ್ಟಿಗೆ ಆಡಿದ ಆಟ ಇದು. ಅದಕ್ಕೆ ಕ್ಲಬ್ಬಿನ ಸದಸ್ಯತ್ವ ಬೇಕಿರಲಿಲ್ಲ. ಒಂದೇ ಕೋರ್ಟಿನಲ್ಲಿ ಹತ್ತು ಜನ ಆಡುವಂತೆ ಆಟವನ್ನೇ ರೂಪಿಸಿದ್ದರಿಂದ ನೆಲದ ಖರ್ಚು ಹಂಚಿಹೋಗುತ್ತಿತ್ತು.

ಹಾಗಾದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ನಗರಗಳಲ್ಲಿ ನಾಳೆಯೇ ಏನು ಮಾಡಬಹುದು? ಮೊದಲನೆಯದು ಸರ್ಕಾರಿ ಶಾಲೆಗಳ ಅಂಗಳ. ಸಂಜೆ ಗಂಟೆ ಹೊಡೆದ ಮೇಲೆ ಅವು ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ವಾರಕ್ಕೆ ಮೂರು ಸಂಜೆ ಎರಡೆರಡು ಗಂಟೆ ತೆರೆದರೆ, ಅಂಗಳದಲ್ಲಿ ಎರಡು–ಮೂರು ಕೆಂಪು ಕೋರ್ಟಿನ ಗೆರೆ ಬಳಿದರೆ ಸಾಕು. ಎರಡನೆಯದು ಪಾಲಿಕೆಯ ಮತ್ತು ಅಪಾರ್ಟ್‌ಮೆಂಟುಗಳ ಶಟ್ಲ್ ಕೋರ್ಟು. ದೊಡ್ಡವರು ಆಫೀಸಿನಿಂದ ಬರುವ ಮುಂಚಿನ ನಾಲ್ಕರಿಂದ ಆರರ ಹೊತ್ತು ಬಹಳ ಕಡೆ ಅವು ಬಿಡುವಾಗಿರುತ್ತವೆ. ಮೂರನೆಯದು ರಸ್ತೆ. ಬೆಂಗಳೂರು 2013ರಿಂದ ಸೈಕಲ್ ದಿನಗಳಿಗೆಂದು ಭಾನುವಾರ ಬೆಳಿಗ್ಗೆ ಬಡಾವಣೆಯ ರಸ್ತೆಗಳನ್ನು ಮುಚ್ಚಿ ಅಭ್ಯಾಸ ಮಾಡಿಕೊಂಡಿದೆ. ಅದೇ ರೀತಿ ವಾಹನ ಸಂಚಾರ ಕಡಿಮೆಯಿರುವ ಒಂದು ಅಡ್ಡರಸ್ತೆಯನ್ನು ಬೆಳಗಿನ ಮೂರು ಗಂಟೆ ಮಕ್ಕಳಿಗೆ ಬಿಡುವುದು ಅಸಾಧ್ಯವೇನಲ್ಲ.

ಜಾಗಕ್ಕಿಂತ ಕಷ್ಟದ್ದು ಆಡಿಸುವವರನ್ನು ಹೊಂದಿಸುವುದು. ಕೆಂಪು ಹಂತಕ್ಕೆ ದೊಡ್ಡ ಕೋಚ್ ಬೇಕಿಲ್ಲ. ಶಾಲೆಯ ಪಿ.ಟಿ. ಮೇಷ್ಟ್ರು, ಕಾಲೇಜಿನಲ್ಲಿ ಆಡಿದ ವಿದ್ಯಾರ್ಥಿ, ಕ್ಲಬ್ಬಿನ ಮಾರ್ಕರ್, ಹಿಂದೆ ಬಾಲ್ ಬಾಯ್ ಆಗಿದ್ದು ಈಗ ಚೆನ್ನಾಗಿ ಆಡುವ ತರುಣ, ಇಂಥವರಿಗೆ ಕೆಲವು ದಿನಗಳ ತರಬೇತಿ ಸಾಕಾಗುತ್ತದೆ. ಒಂದೇ ಎಚ್ಚರಿಕೆ, ಅವರಿಗೆ ಸಂಬಳ ಕೊಡಬೇಕು. ಸ್ವಯಂಸೇವೆಯ ಉತ್ಸಾಹ ಮಳೆಗಾಲದವರೆಗೆ ಇರುತ್ತದೆ, ಮಗುವಿಗೆ ಬೇಕಾದದ್ದು ವರ್ಷವಿಡೀ ಅದೇ ಹೊತ್ತಿಗೆ ಅದೇ ಮುಖ. ಕಲಿಸುವ ಕ್ರಮವೂ ಬದಲಾಗಬೇಕು. ಫೋರ್‌ಹ್ಯಾಂಡು ಸರಿಯಾಗುವವರೆಗೆ ಸಾಲಿನಲ್ಲಿ ನಿಲ್ಲಿಸುವ ಬದಲು ಮೊದಲ ದಿನವೇ ಪಾಯಿಂಟ್ ಎಣಿಸಿ ಆಡಿಸಬೇಕು, ವಾರದ ಕೊನೆಗೆ ಬೀದಿ ಬೀದಿಗಳ ನಡುವೆ ತಂಡದ ಪಂದ್ಯ ಇಡಬೇಕು. ಗಲ್ಲಿ ಕ್ರಿಕೆಟ್ ಮಕ್ಕಳನ್ನು ಹಿಡಿದಿಟ್ಟಿರುವುದು ಈ ತಂಡದ ರುಚಿಯಿಂದಲೇ.

ಇದಕ್ಕೆ ಬೇಕಾದ ದುಡ್ಡು ಹೊಸ ಸ್ಟೇಡಿಯಂ ಕಟ್ಟುವ ದುಡ್ಡಲ್ಲ. ಒಂದು ಶಾಲೆಗೆ ಇಪ್ಪತ್ತು ಮಕ್ಕಳ ರಾಕೆಟ್ಟು, ನಾಲ್ಕು ಡಜನ್ ಕೆಂಪು ಚೆಂಡು, ಎರಡು ಮಡಚುವ ನೆಟ್ಟು, ಗೆರೆಯ ಬಣ್ಣ, ಒಬ್ಬರ ಸಂಬಳ. ಕಂಪನಿಗಳ ಸಿಎಸ್ಆರ್ ನಿಧಿಗೆ ಇದು ದೊಡ್ಡ ಮೊತ್ತವಲ್ಲ. ರಾಜ್ಯದಲ್ಲಿ ನಡೆಯುವ ಅಂತರರಾಷ್ಟ್ರೀಯ ಟೂರ್ನಿಗಳ ಪ್ರಾಯೋಜಕರ ಕರಾರಿನಲ್ಲಿ, ಆಶ್ ವಾಷಿಂಗ್ಟನ್‌ನಲ್ಲಿ ಹಾಕಿದ ಷರತ್ತಿನಂತೆ, ನಗರದ ಸರ್ಕಾರಿ ಶಾಲೆಗಳ ಪಾಲನ್ನೂ ಬರೆದಿಡಬಹುದು.

ವಾರ್ಡ್ ಸಮಿತಿಯಲ್ಲಿರುವವರು, ಶಾಲಾಭಿವೃದ್ಧಿ ಸಮಿತಿಯವರು, ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಗಳು ಈ ಅಂಕಣ ಓದುತ್ತಿದ್ದರೆ ಒಂದು ಮನವಿ. ನಿಮ್ಮ ಕೈಯಲ್ಲಿ ಯಾವುದಾದರೂ ಅಂಗಳದ, ಕೋರ್ಟಿನ, ಟೆರೇಸಿನ ಬೀಗದ ಕೈ ಇದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸಿ: ವಾರದಲ್ಲಿ ಮೂರು ಸಂಜೆ ಅದನ್ನು ಸುತ್ತಲಿನ ಎಲ್ಲ ಮಕ್ಕಳಿಗೆ, ನಿಮ್ಮಲ್ಲಿ ಕೆಲಸಕ್ಕೆ ಬರುವವರ ಮಕ್ಕಳನ್ನೂ ಸೇರಿಸಿ, ತೆರೆಯಲಾಗುವುದು. ರಾಕೆಟ್ಟು ಕೊಡುವವರು, ಆಡಿಸುವವರು ಆಮೇಲೆ ಸಿಗುತ್ತಾರೆ, ಬೀಗ ತೆಗೆಯಬೇಕಾದವರು ನೀವೇ.